ಗೀರು ಬಿದ್ದ ಸಿಡಿ ಮತ್ತು ಊರಿನ ನೆನಪು

ಗೀರು ಬಿದ್ದ ಗ್ರಾಮಾಫೋನ್ ತಟ್ಟೆ ತನ್ನ ಗಾಯ ಮುಚ್ಚಿಡುವುದಿಲ್ಲ. ಟಿಕ್ ಟಿಕ್ ಅಂತ ಹೇಳಿಬಿಡುತ್ತದೆ. ಸಿಡಿ ಹಾಗಲ್ಲ. ನೋಯ್ಡಾದ ನಮ್ಮ ಮನೆಯ ಹಳೇ ಪ್ಲೇಯರಿನಲ್ಲಿ ಭೀಮಸೇನ ಜೋಶಿಯವರ ದಾಸರ ಪದಗಳ ಸಿಡಿಯೊಂದು, ಮೈತುಂಬಾ ಗೀರಿದ್ದರೂ, ಇವತ್ತಿಗೂ ಸಲೀಸಾಗಿ ಹಾಡುತ್ತದೆ.

1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಪ್ಲೇಯರಿನಿಂದಲೂ ಇದರ ಗುಟ್ಟು ಒಂದೇ. ಎಡಬಲ ಒಂದೊಂದು ಕಡೆಯ ದನಿಯೂ ಸೆಕೆಂಡಿಗೆ 44,100 ಅಂಕಿಗಳಾಗುತ್ತದೆ. ಅವನ್ನು ಒಂದೇ ಕಡೆ ಬರೆಯದೆ, ತಾಳೆ ನೋಡುವ ಅಂಕಿಗಳ ಜೊತೆ ಚದುರಿಸಿಟ್ಟಿರುತ್ತಾರೆ. ರೀಡ್ ಮತ್ತು ಸಾಲೊಮನ್ ಎಂಬಿಬ್ಬರು 1960ರಲ್ಲಿ ಕೊಟ್ಟ ಗಣಿತ ಇದಕ್ಕೆ ಆಧಾರ. ಜಾಡಿನಲ್ಲಿ ಸುಮಾರು 2.5 ಮಿಲಿಮೀಟರ್ ಅಳಿಸಿಹೋದರೂ ಇದ್ದದ್ದು ಇದ್ದಹಾಗೇ ಮರಳಿ ಸಿಗುತ್ತದೆ. ಅದಕ್ಕಿಂತ ದೊಡ್ಡದಾದರೆ ಪ್ಲೇಯರ್ ಆಚೀಚೆಯ ಅಂಕಿಗಳನ್ನು ನೋಡಿ ನಡುವಿನದನ್ನು ಊಹಿಸುತ್ತದೆ. ಇನ್ನೂ ದೊಡ್ಡದಾದರೆ? ಕ್ಷಣಕಾಲ ಸುಮ್ಮನಾಗುತ್ತದೆ.

ಊರು ಬಿಟ್ಟವರ ನೆನಪೂ ಹೀಗೇ ಅಲ್ಲವೇ? ಅಕ್ಕನ ಫೋನು, ಅಮ್ಮನ ಹಳೇ ಕಾಗದ, ಆರ್.ಕೆ.ಪುರಂನ ಕರ್ನಾಟಕ ಸಂಘದಲ್ಲಿ ಸಿಗುವ ನಮ್ಮ ಕಡೆಯವರು – ಹೀಗೆ ಹಲವರಲ್ಲಿ ಚದುರಿರುವ ಊರನ್ನು ಪೂರ್ತಿ ಜೋಡಿಸಿಕೊಳ್ಳಬಹುದು. ಉಳಿದದ್ದಕ್ಕೆ ಊಹೆಯೇ ಗತಿ. ಇಲ್ಲೇ ಹುಟ್ಟಿದ ಮಗು, "ಅಜ್ಜಿ ಮನೆ ಹಿತ್ತಲಲ್ಲಿ ಏನೇನು ಗಿಡ ಇತ್ತು?" ಅಂತ ಕೇಳಿದರೆ, ನೆನಪಿರುವ ಹಲಸಿನ ಜೊತೆಗೆ ಇದ್ದಿರಬಹುದಾದ ದಾಸವಾಳವನ್ನೂ ನೆಡುತ್ತೇವೆ. ಇದು ಸುಳ್ಳೇ?

ನನಗೆ ಹಾಗನ್ನಿಸುವುದಿಲ್ಲ. ಎರಡೂ ದಡ ನಿಜವಾಗಿದ್ದರೆ ನಡುವೆ ಹಾಕಿದ ಸಣ್ಣ ಸಂಕ ಮೋಸವಲ್ಲ. ಆದರೆ ಯಂತ್ರಕ್ಕಿಲ್ಲದ ಒಂದು ಹೊಣೆ ಮನುಷ್ಯನಿಗಿದೆ: "ಇದು ನನ್ನ ಊಹೆ, ಮಗಾ" ಅನ್ನಬೇಕು.

ಅದೇ ಮಗು, "ತೋಟದ ಕೆಲಸಕ್ಕೆ ಬರ್ತಿದ್ದವರು ಎಲ್ಲಿ ಕೂತು ಊಟ ಮಾಡ್ತಿದ್ರು?" ಅಂದರೆ? ಸಾವಿರಾರು ಮೈಲಿ ದೂರದಲ್ಲಿ ಕೂತವನಿಗೆ "ಎಲ್ಲರೂ ಒಟ್ಟಿಗೇ" ಅನ್ನುವುದು ಬಹಳ ಸುಲಭ. ಅಲ್ಲವೆನ್ನಲು ಸಾಕ್ಷಿಗಳು ಯಾರೂ ಇಲ್ಲಿಲ್ಲ. ಆದರೆ ಅದು ಊಹೆಯಲ್ಲ, ಗೊತ್ತಿದ್ದೂ ಒರೆಸಿಹಾಕುವುದು. ಯಂತ್ರ ಊಹಿಸುವುದು ಕಾಣದ್ದನ್ನು. ಕಂಡ ಅಂಕಿಯನ್ನು ಅದು ತಿದ್ದುವುದಿಲ್ಲ. ಅಂಗಳದಲ್ಲಿ ಬೇರೆಯೇ ಎಲೆ ಹಾಕುತ್ತಿದ್ದರು ಅಂತ ಗೊತ್ತಿದ್ದವರು ಹಾಗೇ ಹೇಳಬೇಕು. ಗೊತ್ತಿಲ್ಲದವರು ಸುಮ್ಮನಿರಲಿ, ಇಲ್ಲವೇ ಊರಿಗೊಂದು ಫೋನು ಮಾಡಿ ಕೇಳಲಿ. ಊರಿನ ಮೇಲಿನ ಪ್ರೀತಿಗೆ ಅಷ್ಟೂ ತಡೆದುಕೊಳ್ಳುವ ಶಕ್ತಿ ಇರಬೇಡವೇ?