ಸಾಕ್ಷ್ಯ ಉಳಿಯಬೇಕಾದುದು ಊರಿನಲ್ಲೇ

ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರಿಗಿಂತ ಮೊದಲು ಬರುವವರು ನೆಂಟರು, ನೆರೆಯವರು. ಬಂದವರು ಕೈಕಟ್ಟಿ ನಿಲ್ಲುವುದಿಲ್ಲ. ಒಬ್ಬರು ಬಾಯಿಂದ ಇಳಿದ ನೊರೆ ಒರೆಸುತ್ತಾರೆ. ಇನ್ನೊಬ್ಬರು ವಾಂತಿಯಾದ ಜಾಗಕ್ಕೆ ನೀರು ಹಾಕಿ ತೊಳೆಯುತ್ತಾರೆ. ಮತ್ತೊಬ್ಬರು ಮಕ್ಕಳ ಕೈಗೆ ಸಿಗದಿರಲೆಂದು ಕ್ರಿಮಿನಾಶಕದ ಡಬ್ಬಿಯನ್ನು ತಿಪ್ಪೆಗೆ ಎಸೆಯುತ್ತಾರೆ. ಇದರಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರುವುದಿಲ್ಲ. ಸತ್ತವರ ಮಾನ ಕಾಯಬೇಕೆಂಬ ಕಕ್ಕುಲಾತಿಯೇ ಇಷ್ಟನ್ನೂ ಮಾಡಿಸುತ್ತದೆ. ಆದರೆ ಸಾವಿನ ಕಾರಣ ಹೇಳಬಲ್ಲ ಸಾಕ್ಷ್ಯವೂ ಅದರೊಂದಿಗೇ ಕೊಚ್ಚಿಹೋಗುತ್ತದೆ.

ಆಮೇಲೆ ಊರಿನಲ್ಲಿ ಉಳಿಯುವುದು ಗಾಳಿಮಾತು. ಸತ್ತವಳು ಹೆಂಗಸಾದರೆ, ಗಂಡನೇ ವಿಷ ಕುಡಿಸಿದ ಎನ್ನುವವರು ಕೆಲವರು, ಅವಳೇ ಕುಡಿದಳು ಎನ್ನುವವರು ಕೆಲವರು. ಕೊಲೆಯಾದವಳಿಗೆ ನ್ಯಾಯ ಸಿಗದು. ತಪ್ಪು ಮಾಡದವನ ತಲೆಯಿಂದ ಅಪವಾದ ಇಳಿಯದು. ದೊಡ್ಡವರ ಮಾತೇ ನಡೆಯುವ ಕಡೆ ದನಿಯಿಲ್ಲದವರ ಪರವಾಗಿ ನಿಲ್ಲಬಲ್ಲದ್ದು ವಸ್ತುವಿನ ಸಾಕ್ಷ್ಯ. ಆದ್ದರಿಂದಲೇ ವಿಧಿವಿಜ್ಞಾನದ ತಿಳಿವಳಿಕೆ ಬಡವರಿಗೆ ಎಲ್ಲರಿಗಿಂತ ಹೆಚ್ಚು ಬೇಕು ಎಂಬುದು ನನ್ನ ನಂಬಿಕೆ.

ವಿಷದ ಶಂಕೆಯಿದ್ದರೆ ವೈದ್ಯರು ಶವಪರೀಕ್ಷೆಯಲ್ಲಿ ಜಠರ, ಯಕೃತ್ತು, ಮೂತ್ರಪಿಂಡಗಳ ಭಾಗಗಳನ್ನು ತೆಗೆದು, ಸಾಮಾನ್ಯವಾಗಿ ಗಾಢ ಉಪ್ಪುನೀರಿನ ಜಾಡಿಯಲ್ಲಿಟ್ಟು, ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ವರದಿ ಎಷ್ಟು ಮುಖ್ಯವೆಂಬುದನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಜೋಶಿಂದರ್ ಯಾದವ್ ಪ್ರಕರಣದಲ್ಲಿ ಒತ್ತಿ ಹೇಳಿತು. ರಕ್ತ ಅಂಟಿದ ಬಟ್ಟೆಯನ್ನೂ ಹೀಗೆಯೇ ಜೋಪಾನ ಮಾಡಬೇಕು. ಒದ್ದೆಯಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಕೆಡುತ್ತದೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಿದರೆ ಉಳಿಯುತ್ತದೆ. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳಿಗೆ ಮನೆಯವರು ಮೊದಲು ಹೇಳುವುದು ಸ್ನಾನ ಮಾಡೆಂದು. ವೈದ್ಯಕೀಯ ಪರೀಕ್ಷೆ ಆಗುವ ಮುನ್ನ ಆ ಮಾತು ಹೇಳಬಾರದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೇಳುತ್ತದೆ; ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ. ಒಳ್ಳೆಯ ಕಾನೂನು. ಆದರೆ ತಜ್ಞರು ಗಡಿ ಹಳ್ಳಿ ತಲುಪುವ ಹೊತ್ತಿಗೆ ಅವರಿಗೆ ಸಿಗುವುದು ಊರವರು ಉಳಿಸಿಕೊಟ್ಟದ್ದು ಮಾತ್ರ.

ಇಲ್ಲಿ ಭಾಷೆಯ ತೊಡಕೂ ಇದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಎಷ್ಟೋ ಮನೆಗಳ ಮಾತು ಕನ್ನಡವೇ. ಕಚೇರಿಯ ಬರವಣಿಗೆ ತೆಲುಗು. ಪಂಚನಾಗಿ ಕರೆಸಿಕೊಂಡ ರೈತ ತನಗೆ ಓದಲು ಬಾರದ ಮಹಜರಿಗೆ ಹೆಬ್ಬೆಟ್ಟು ಒತ್ತಿದರೆ, ನಾಳೆ ನ್ಯಾಯಾಲಯದ ಕಟಕಟೆಯಲ್ಲಿ ಅವನ ಮಾತೂ ಕಾಗದವೂ ಬೇರೆಬೇರೆಯಾಗುತ್ತವೆ.

ವಿಜ್ಞಾನದ ಹೆಸರಿನಲ್ಲಿ ನಡೆಯುವುದೆಲ್ಲ ನ್ಯಾಯವೂ ಅಲ್ಲ. ಮಂಪರು ಪರೀಕ್ಷೆಯಿಂದ ಸತ್ಯ ಹೊರಬರುತ್ತದೆಂದು ಜನ ನಂಬಿದ್ದ ಕಾಲದಲ್ಲಿ, 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಒಪ್ಪಿಗೆಯಿಲ್ಲದೆ ಅದನ್ನು ಯಾರ ಮೇಲೂ ಹೇರಬಾರದೆಂದಿತು. ವ್ಯಕ್ತಿಯ ಮನಸ್ಸನ್ನು ಬಲವಂತದಿಂದ ಬಗೆಯುವುದು ಬೇರೆ, ಬಿದ್ದಿರುವ ವಸ್ತುವನ್ನು ತಾಳ್ಮೆಯಿಂದ ಓದುವುದು ಬೇರೆ. ನಾಗರಿಕರಿಗೆ ಈ ವ್ಯತ್ಯಾಸವೂ ಗೊತ್ತಿರಬೇಕು.

ಈ ಭಾಗದ ಕನ್ನಡ ಶಾಲೆಗಳಲ್ಲಿ, ಡ್ವಾಕ್ರಾ ಮಹಿಳಾ ಸಂಘಗಳ ಸಭೆಗಳಲ್ಲಿ ಸಾಕ್ಷ್ಯ ಉಳಿಸುವ ಈ ತಿಳಿವಳಿಕೆಯನ್ನು ಕನ್ನಡದಲ್ಲೇ ಹೇಳಿಕೊಡಬೇಕು. ಹೇಳಬೇಕಾದದ್ದು ಬಹಳವೇನಿಲ್ಲ. ಜೀವ ಇದ್ದರೆ ಮೊದಲು ಆಸ್ಪತ್ರೆ. ವಿಷದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಚಿಕಿತ್ಸೆಗೂ ಅದು ಬೇಕು. ಜೀವ ಹೋಗಿದ್ದರೆ ಏನನ್ನೂ ಮುಟ್ಟಬೇಡಿ, ತೊಳೆಯಬೇಡಿ, 112ಕ್ಕೆ ಕರೆ ಮಾಡಿ. ಮಹಜರನ್ನು ನಿಮ್ಮ ಮಾತಿನಲ್ಲಿ ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ದೂರು ಕೊಟ್ಟ ಮೇಲೆ ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ; ಅದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.