ಗೋಡೆಯಾಚೆಯ ಕೊಂಬೆ



ಕಳೆದ ಅಕ್ಟೋಬರಿನ ಮಿಷನ್ ಭಾನುವಾರ, ಬಲಿಪೂಜೆಯ ನಂತರ ನಡೆದ ಹರಾಜಿನಲ್ಲಿ ನಮ್ಮ ಯುವಜನರ ಬುಟ್ಟಿಯಿಂದ ದಾಳಿಂಬೆ ಕೂಗಿಕೊಂಡವರಲ್ಲಿ ಮೊದಲು ನಾವು ಕ್ಷಮೆ ಕೇಳಬೇಕು. ಹೊರಗೆ ಕೆಂಪಗಿದ್ದ ಆ ಹಣ್ಣುಗಳನ್ನು ಮನೆಗೆ ಒಯ್ದು ಬಿಡಿಸಿದವರಿಗೆ ಒಳಗೆ ಸಿಕ್ಕಿದ್ದು ಬಿಳಿಚಿಕೊಂಡ, ಒಗರು ಕಾಳು. ದೇವರ ಕಾಣಿಕೆಯಲ್ಲವೇ ಎಂದು ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಅಜ್ಜಿ ಮಾತ್ರ ಮುಂದಿನ ವಾರ ದೇವಾಲಯದ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ, "ಹಣ್ಣಾಗೋಕೆ ಬಿಡದೆ ಯಾಕ್ರಪ್ಪಾ ಕಿತ್ತಿರಿ?" ಎಂದು ಕೇಳಿದರು. ಹರಾಜಿಗೆ ಬೇಕಿತ್ತು ಅಂದೆವು. ಅದು ಅರ್ಧ ಸತ್ಯ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಧರ್ಮೋಪದೇಶದ ಕೋಣೆಯ ಹಿಂದಿರುವ ಆ ಗಿಡವನ್ನು ನಾವೇ ನೆಟ್ಟದ್ದು. ಒಂದೇ ಗಿಡಕ್ಕೆ ನಮ್ಮಲ್ಲಿ ಮೂರು ಹೆಸರು: ನಮಗೆ ದಾಳಿಂಬೆ, ತಮಿಳು ಬಲಿಪೂಜೆಗೆ ಬರುವವರಿಗೆ ಮಾದುಳೈ, ತೆಲುಗಿನವರಿಗೆ ದಾನಿಮ್ಮ. ಮೊದಲ ವರ್ಷಗಳಲ್ಲಿ ಬಂದ ಹೂವನ್ನೆಲ್ಲ ಚಿವುಟಿ ಹಾಕಿದೆವು; ಎಳೆ ಗಿಡ ಕಾಯಿ ಹೊತ್ತರೆ ಸೊರಗುತ್ತದೆ. ಯಾಜಕಕಾಂಡದ 19ನೇ ಅಧ್ಯಾಯದಲ್ಲೂ ಇಂಥದೇ ಕಟ್ಟಳೆಯಿದೆ: ನೆಟ್ಟ ಮರದ ಫಲವನ್ನು ಮೂರು ವರ್ಷ ಮುಟ್ಟಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ ಮೀಸಲು, ಐದನೆಯ ವರ್ಷದಿಂದ ತಿನ್ನಬಹುದು. ನಮ್ಮ ಗಿಡಕ್ಕೆ ಕಳೆದ ವರ್ಷ ನಾಲ್ಕನೆಯದು. ಲೆಕ್ಕ ಸರಿಹೋಯಿತೆಂದು ಹಿಗ್ಗಿದ್ದೆವು.

ಜೂನ್ ಕೊನೆಯಲ್ಲಿ ಹೂ ಕಚ್ಚಿ 27 ಕಾಯಿ ನಿಂತಿತು. ಚಿಟ್ಟೆ ಮೊಟ್ಟೆಯಿಟ್ಟು ಹುಳು ಒಳಗೆ ಕೊರೆಯದಿರಲಿ ಎಂದು ಹಳೆ ಬಟ್ಟೆಯ ಚೀಲ ಕಟ್ಟಿದೆವು. ಅಳಿಲಿಗೆ, ಗಿಳಿಗೆ ಆ ಚೀಲ ಒಂದು ಲೆಕ್ಕವೇ ಅಲ್ಲ. ಆದರೆ ನಮ್ಮ ನಿದ್ದೆ ಕೆಡಿಸಿದ್ದು ಅಳಿಲಲ್ಲ, ಗೋಡೆಯಾಚೆ ದಾರಿಗೆ ಬಾಗಿದ್ದ ಒಂದು ಕೊಂಬೆ. ಶಾಲೆ ಬಿಟ್ಟು ಬರುವ ಹುಡುಗರು ಎರಡು ಕಾಯಿ ಕಿತ್ತರು. ಇನ್ನೊಂದು ದಿನ ಒಬ್ಬ ಹುಡುಗ ಬ್ಯಾಗಿಗೆ ಆರು ತುಂಬಿಸಿಕೊಳ್ಳುವಾಗ ಸಿಕ್ಕಿಬಿದ್ದ. ಗದರಿಸಿ ಕಸಿದುಕೊಂಡೆವು. ಆ ಸಂಜೆಯೇ ಕೂತು ತೀರ್ಮಾನಿಸಿದೆವು: ಇವರು ಕೀಳುವ ಮೊದಲು ನಾವೇ ಕೀಳೋಣ.

ನಮ್ಮ ಗುಂಪಿನಲ್ಲಿ ಬಿಎಸ್‌ಸಿ ಓದಿದವರೂ ಇದ್ದಾರೆ. ಬಾಳೆ, ಮಾವು ಕಿತ್ತ ಮೇಲೂ ಹಣ್ಣಾಗುತ್ತವೆ, ದಾಳಿಂಬೆ ಆಗುವುದಿಲ್ಲ; ಗಿಡ ಬಿಟ್ಟ ಗಳಿಗೆಗೆ ಎಷ್ಟು ಸಿಹಿಯೋ ಅಷ್ಟೇ. ಹೂವಿನಿಂದ ಹಣ್ಣಿಗೆ ಸುಮಾರು ಐದು ತಿಂಗಳು ಬೇಕು. ಸಿಪ್ಪೆಯ ಬಣ್ಣ ನಂಬುವಂತಿಲ್ಲ. ದುಂಡಗಿದ್ದದ್ದು ಬಲಿತಂತೆ ಮೂಲೆಮೂಲೆಯಾಗಬೇಕು, ತುದಿಯ ಕಿರೀಟ ಒಳಕ್ಕೆ ಮಡಚಬೇಕು, ಬೆರಳಲ್ಲಿ ತಟ್ಟಿದರೆ ಲೋಹದಂಥ ಸದ್ದು ಬರಬೇಕು. ಇದೆಲ್ಲ ಗೊತ್ತಿದ್ದೂ ನಾಲ್ಕು ತಿಂಗಳಿಗೇ ಕಿತ್ತೆವು. ಗೊತ್ತಿಲ್ಲದೆ ಮಾಡಿದ್ದಾದರೆ ಈ ಲೇಖನವೇ ಬೇಕಿರಲಿಲ್ಲ. ಪರರ ಪಾಲಾದೀತು ಎಂಬ ಭಯಕ್ಕೆ ನಮಗೂ ಇಲ್ಲದಂತೆ, ದೇವರಿಗೂ ಇಲ್ಲದಂತೆ ಮಾಡಿಕೊಂಡೆವು. ದೇವರಿಗೆ ಮೀಸಲು ಅಂದದ್ದು ಬಾಯಿಮಾತಾಯಿತು.

ಹಾಗಾದರೆ ಆ ಹುಡುಗ ಮಾಡಿದ್ದು ಕಳವಲ್ಲವೇ? ನಮ್ಮಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಧರ್ಮೋಪದೇಶಕಾಂಡ 23ನೇ ಅಧ್ಯಾಯದ ಕೊನೆಯಲ್ಲಿ ಗೆರೆ ಸ್ಪಷ್ಟವಾಗಿದೆ: ಪರರ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬ ತಿನ್ನಬಹುದು, ಬುಟ್ಟಿಗೆ ತುಂಬಿಕೊಳ್ಳುವಂತಿಲ್ಲ. ಎರಡು ಕಾಯಿ ಕಿತ್ತವರು ಆ ಗೆರೆಯ ಈಚೆ, ಆರು ತುಂಬಿಕೊಂಡವನು ಆಚೆ. ಸಂತ ಆಗಸ್ಟೀನರು ಹದಿನಾರರ ವಯಸ್ಸಿನಲ್ಲಿ ಗೆಳೆಯರೊಂದಿಗೆ ಪಕ್ಕದ ಮರದ ಪೇರ್ ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದನ್ನು ತಮ್ಮ 'ಕನ್ಫೆಷನ್ಸ್' ಗ್ರಂಥದಲ್ಲಿ ಪುಟಗಟ್ಟಲೆ ನೆನೆದು ನೊಂದಿದ್ದಾರೆ. ಹಸಿವಿಗಲ್ಲ, ಕದಿಯುವ ಸುಖಕ್ಕೇ ಕದ್ದೆ ಎಂಬುದೇ ಅವರನ್ನು ಚುಚ್ಚಿದ್ದು. ಇನ್ನೊಂದು ಕಡೆ ಸಂತ ಥಾಮಸ್ ಅಕ್ವಿನಾಸರು, ಬೇರೆ ದಾರಿಯಿಲ್ಲದ ಕಡುಕಷ್ಟದಲ್ಲಿ ಪರರದ್ದನ್ನು ತೆಗೆದುಕೊಂಡರೆ ಅದು ಕಳವೇ ಅಲ್ಲ ಎನ್ನುತ್ತಾರೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯೂ ಇದನ್ನೇ ಎತ್ತಿಹಿಡಿಯಿತು. ನಮ್ಮ ಹುಡುಗ ಇವರಿಬ್ಬರಲ್ಲಿ ಯಾರ ಲೆಕ್ಕಕ್ಕೆ ಸೇರುತ್ತಾನೆ? ಹೇಳಲಾರೆವು, ಏಕೆಂದರೆ ಯಾಕೆ ಕಿತ್ತೆ ಎಂದು ನಾವು ಅವನನ್ನು ಕೇಳಲೇ ಇಲ್ಲ.

ಆದರೆ ಅದೇ ಗ್ರಂಥ ಒಂದು ಅಧ್ಯಾಯ ದಾಟಿದರೆ ಮರದ ಒಡೆಯನತ್ತ ತಿರುಗುತ್ತದೆ. ಓಲಿವ್ ಮರವನ್ನು ಒಮ್ಮೆ ಬಡಿದ ಮೇಲೆ ಮತ್ತೆ ಬಡಿಯಬೇಡ, ಉಳಿದದ್ದು ಪರದೇಶಿಗೆ, ಅನಾಥರಿಗೆ, ವಿಧವೆಗೆ. ಅಂದರೆ ಒಡೆಯನ ಬುಟ್ಟಿಗೂ ಮಿತಿಯಿದೆ. ಗಮನಿಸಿ, ಇಲ್ಲಿ 'ಕೊಡು' ಎನ್ನುವುದಿಲ್ಲ, 'ಬಿಡು' ಎನ್ನುತ್ತದೆ. ಕೊಡುವಾಗ ನಾವು ಎದುರಿಗೆ ನಿಂತಿರುತ್ತೇವೆ, ಪಡೆಯುವವರು ನಮಗೆ ಸ್ತೋತ್ರ ಹೇಳಬೇಕು. ಬಿಡುವಾಗ ತಿಂದವರು ಯಾರೋ, ತಮಿಳಿನವರೋ ತೆಲುಗಿನವರೋ, ಪೂಜೆಗೆ ಬರುವವರೋ ಬಾರದವರೋ, ನಮಗೆ ತಿಳಿಯುವುದೇ ಇಲ್ಲ. ಹರಾಜಿನಲ್ಲಿ ಕೊಡುವುದು ನಮಗೆ ಸುಲಭವಾಗಿತ್ತು, ಮೈಕಿನಲ್ಲಿ ಯುವಜನರ ಹೆಸರು ಕೂಗುತ್ತಾರೆ. ಕೊಂಬೆಯನ್ನು ಬಿಟ್ಟಿದ್ದರೆ ಹೆಸರು ಹೇಳುವವರು ಯಾರು?

ಇದನ್ನು ಎಲ್ಲರಿಗೂ ಬೋಧಿಸುವ ಧೈರ್ಯ ನಮಗಿಲ್ಲ. ರಾಗಿ ಬಲಿಯುವ ಹೊತ್ತಿಗೆ ಜವಳಗಿರಿ ಕಾಡಿನಿಂದ ಆನೆ ಬಂದು ಒಂದೇ ರಾತ್ರಿಯಲ್ಲಿ ಹೊಲ ತುಳಿದರೆ, ಆ ರೈತನಿಗೆ 'ಬಿಡು' ಎನ್ನುವುದು ಕ್ರೌರ್ಯ. ಸಾಲ ಮಾಡಿ ಬೋರ್‌ವೆಲ್ ಕೊರೆಸಿ ಎಕರೆಗಟ್ಟಲೆ ಭಗವಾ ತಳಿ ಹಾಕಿದವರು ಬೇಲಿ ಕಟ್ಟಿದರೆ ಅದು ಪಾಪವಲ್ಲ. ನಮ್ಮದು ಒಂದೇ ಗಿಡ. ಅದರಿಂದ ಯಾರ ಮನೆಯ ಒಲೆಯೂ ಉರಿಯಬೇಕಿರಲಿಲ್ಲ. ಹಾಗಿದ್ದೂ ನಮ್ಮ ಮುಷ್ಟಿ ಅಷ್ಟು ಬಿಗಿಯಾಯಿತಲ್ಲ, ಅದೇ ನಮ್ಮನ್ನು ಕಾಡುತ್ತಿರುವುದು.

ಅಂದು ಕೀಳುವಾಗ ಎಲೆಯ ಮರೆಯಲ್ಲಿ ಕಣ್ತಪ್ಪಿ ಉಳಿದ ಒಂದು ಕಾಯಿ ಡಿಸೆಂಬರಿನಲ್ಲಿ ಸಿಕ್ಕಿತು. ಬಿಸಿಲು ಮಳೆಗೆ ಸಿಪ್ಪೆ ಸ್ವಲ್ಪ ಬಿರಿದಿತ್ತು. ಎಂಟು ಜನ ಅಂಗಳದಲ್ಲೇ ಕೂತು ಹಂಚಿಕೊಂಡೆವು. ಕಾಳು ಮಾಣಿಕ್ಯದಂತೆ, ರಸ ಮೊಣಕೈವರೆಗೆ ಇಳಿಯಿತು. ಯಾರೂ ಮಾತಾಡಲಿಲ್ಲ. ಎಳನೀರು ಕುಡಿದವರೊಬ್ಬರು ಸಿಪ್ಪೆ ನೆಕ್ಕಿದಂತೆ ಒಬ್ಬ ಅಣ್ಣ ಸಿಪ್ಪೆಯ ಒಳಮೈಯನ್ನೂ ಬಿಡಲಿಲ್ಲ.

ಈ ಸಲದ ಮಿಷನ್ ಭಾನುವಾರ ನಮ್ಮ ಬುಟ್ಟಿಯಲ್ಲಿ ದಾಳಿಂಬೆ ಇರುವುದಿಲ್ಲ. ಸೀಮೆಬದನೆ, ಕುಂಬಳಕಾಯಿ ತರುತ್ತೇವೆ. ಕಳೆದ ಸಲ ಹರಾಜಿನಲ್ಲಿ ಕೊಂಡವರ ಪಟ್ಟಿ ನಮ್ಮ ಬಳಿಯಿದೆ. ಕ್ರಿಸ್ಮಸ್ ಹೊತ್ತಿಗೆ ತಲಾ ಒಂದೊಂದು ಹಣ್ಣು ಅವರ ಮನೆಗೆ ತಲುಪಿಸುತ್ತೇವೆ, ಅಜ್ಜಿಗೆ ಎರಡು. ಗೋಡೆಯಾಚೆಯ ಕೊಂಬೆಯಲ್ಲಿ ಸದ್ಯ ಒಂಬತ್ತು ಕಾಯಿ ಇವೆ. ಅವಕ್ಕೂ ಚೀಲ ಕಟ್ಟಿದ್ದೇವೆ, ಹುಳು ಬೀಳದಿರಲೆಂದು. ಗಂಟು ಹಾಕಿಲ್ಲ, ಸುಮ್ಮನೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಆ ಹುಡುಗ ಈಗಲೂ ಅದೇ ದಾರಿಯಲ್ಲಿ ಹೋಗುತ್ತಾನೆ. ತಟ್ಟಿ ನೋಡುವುದು ಹೇಗೆಂದು ಅವನಿಗೆ ಹೇಳಿಕೊಟ್ಟಿದ್ದೇವೆ.