ಸೋಲಿನ ವಿಮೆ

2021ರ ಮಾರ್ಚ್‌ನಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ತನ್ನ ಬ್ಯಾಸ್ಕೆಟ್‌ಬಾಲ್ ಕೋಚ್ ಆರ್ಚಿ ಮಿಲ್ಲರ್ ಅವರನ್ನು ನಾಲ್ಕೇ ವರ್ಷಕ್ಕೆ ಮನೆಗೆ ಕಳಿಸಿತು. ಕಾರಣ, ತಂಡ ನಿರೀಕ್ಷೆಯಷ್ಟು ಗೆಲ್ಲಲಿಲ್ಲ. ಒಪ್ಪಂದದ ಅವಧಿ ಇನ್ನೂ ಮುಗಿದಿರಲಿಲ್ಲ; ಹಾಗಾಗಿ ಕೊಡಬೇಕಾದ ಪರಿಹಾರ 1 ಕೋಟಿ ಡಾಲರಿಗೂ ಹೆಚ್ಚು. ಆ ಹಣ ದಾನಿಗಳಿಂದ ಬರುತ್ತದೆ ಎಂದಿತು ವಿಶ್ವವಿದ್ಯಾಲಯ.

ಮಾಡದ ಕೆಲಸಕ್ಕೆ ಇಷ್ಟು ದುಡ್ಡೇ ಎಂದು ನಾವು ಸಿಟ್ಟಾಗಬಹುದು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ದುಬಾರಿಯಾಯಿತೆಂದು ಮುರಿಯುವ ಮಾತು ಮಾತೇ ಅಲ್ಲ.

ನನ್ನನ್ನು ಕಾಡುವುದು ಬೇರೆ. ಅವೇ ಪಂದ್ಯಗಳನ್ನು ಮೈಮುರಿದು ಆಡಿದ ಹುಡುಗರಿಗೆ ಸಂಬಳವಿರಲಿಲ್ಲ, ಸಿಗುತ್ತಿದ್ದುದು ವಿದ್ಯಾರ್ಥಿವೇತನ. ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಲು ಅವರಿಗೆ ಅನುಮತಿ ಸಿಕ್ಕಿದ್ದೇ ಆ ವರ್ಷದ ಜುಲೈನಲ್ಲಿ. ಐಟಿಯಲ್ಲಿ ಪ್ರಾಜೆಕ್ಟ್ ನಡೆಸುವ ನನಗೆ ಈ ಲೆಕ್ಕ ಹೊಸದಲ್ಲ. ಪ್ರಾಜೆಕ್ಟ್ ನಿಂತರೆ ಮೇಲಿನವರ ಒಪ್ಪಂದದಲ್ಲಿ ಅದಕ್ಕೊಂದು ಕಲಮು ಇರುತ್ತದೆ, ಕೋಡ್ ಬರೆದವರಿಗೆ ನೋಟಿಸ್ ಪಿರಿಯಡ್ ಇರುತ್ತದೆ.

ಕೋಚ್‌ಗೆ ಕೊಟ್ಟದ್ದು ಹೆಚ್ಚಾಯಿತೇ ಎನ್ನುವುದಕ್ಕಿಂತ, ಉಳಿದವರಿಗೆ ಅಂಥ ಮಾತನ್ನು ಯಾರೂ ಯಾಕೆ ಕೊಡಲಿಲ್ಲ ಎಂದು ಕೇಳಬೇಕು. ಸೋಲು ಇಡೀ ತಂಡದ್ದು; ಸೋಲಿನ ವಿಮೆ ಮಾತ್ರ ಒಬ್ಬರದ್ದು.